ಬುತ್ತಿಯೂ ಡಬ್ಬಿಯೂ

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂತಹ ಊರುಗಳಲ್ಲಿಯೂ ಬೆಳಗ್ಗೆ ಕೆಲಸಕ್ಕೆ ಹೊರಡುವವರ ಕೈಯಲ್ಲಿ ಇಂದು ಉಕ್ಕಿನ ಡಬ್ಬಿಯನ್ನು ಕಾಣಬಹುದು. ಆದರೆ ಮಾತು ಮಾತ್ರ ಹಳೆಯದು: "ಡಬ್ಬಿ ಕಟ್ಟಿಕೊಡು." ಡಬ್ಬಿಯನ್ನು ಮುಚ್ಚುವುದುಂಟು, ಅದಕ್ಕೆ ಚಿಲಕ ಹಾಕುವುದುಂಟು, ಕಟ್ಟುವುದೆಲ್ಲಿ? ಬಟ್ಟೆಯ ಗಂಟು ಹೋದರೂ ಗಂಟಿನ ಕ್ರಿಯಾಪದವು ನಮ್ಮ ನಾಲಗೆಯಲ್ಲಿ ಉಳಿದುಕೊಂಡಿದೆ.

ಈ ವಸ್ತುವಿನ ಹೆಸರುಗಳನ್ನು ವಿಚಾರಿಸಿದರೆ ಒಂದು ಸ್ವಾರಸ್ಯವು ತಿಳಿಯುವುದು. 'ಟಿಫಿನ್' ಎಂಬುದು, ಗುಟುಕುಗುಟುಕಾಗಿ ಕುಡಿಯುವುದೆಂಬ ಅರ್ಥದ ಇಂಗ್ಲೀಷ್ ಆಡುಮಾತೊಂದರಿಂದ ಹುಟ್ಟಿ, ಇಂಡಿಯಾದಲ್ಲಿದ್ದ ಆಂಗ್ಲರ ಬಾಯಲ್ಲಿ ಮಧ್ಯಾಹ್ನದ ಲಘುಭೋಜನಕ್ಕೆ ಹೆಸರಾಯಿತು. ನಮ್ಮಲ್ಲಿ ಅದು ಬೆಳಗಿನ ಇಡ್ಲಿ ದೋಸೆಗಳಿಗೂ ಸಲ್ಲುತ್ತದೆ. 'ಕ್ಯಾರಿಯರ್' ಎಂದರೆ ಹೊರುವಂಥದು. ಹಿಂದೂಸ್ತಾನಿಯ 'ಡಬ್ಬಾ' ಪಾತ್ರೆಯನ್ನಷ್ಟೇ ಹೇಳುವುದು. 1890ರ ಸುಮಾರಿನಿಂದ ಮುಂಬಯಿಯಲ್ಲಿ ಮನೆಯೂಟವನ್ನು ಕಚೇರಿಗಳಿಗೆ ಮುಟ್ಟಿಸುತ್ತ ಬಂದಿರುವ ಡಬ್ಬಾವಾಲರಿಗೂ ಅದರಿಂದಲೇ ಹೆಸರು. ಸಂಸ್ಕೃತದ 'ಪಾಥೇಯ'ವು ಪಥಕ್ಕೆ ಹಿತವಾದುದು. ಕಾಳಿದಾಸನ ಮೇಘದೂತದಲ್ಲಿ ಕೈಲಾಸಕ್ಕೆ ಹಾರುವ ರಾಜಹಂಸಗಳಿಗೂ ತಾವರೆದಂಟಿನ ಎಳೆಚಿಗುರೇ ಪಾಥೇಯ. ನಮ್ಮ 'ಬುತ್ತಿ'ಯಾದರೋ 'ಭುಕ್ತಿ'ಯ ತದ್ಭವ. ಅದು ಹೊತ್ತನ್ನಾಗಲಿ ದಾರಿಯನ್ನಾಗಲಿ ಪಾತ್ರೆಯನ್ನಾಗಲಿ ಹೇಳದೆ ಉಣ್ಣುವುದನ್ನೇ ಹೇಳುವುದು.

ಹಾಗೆಂದು ಪಾತ್ರೆಯನ್ನು ಅಲಕ್ಷಿಸಲಾಗದು. ಬಟ್ಟೆಯಲ್ಲಿ ರೊಟ್ಟಿಯನ್ನು ಕಟ್ಟಬಹುದು, ಸಾರನ್ನು ಕಟ್ಟಲಾಗದು. ಒಂದರ ಮೇಲೊಂದು ಕುಳಿತು, ಮೇಲಿನದರ ತಳವೇ ಕೆಳಗಿನದಕ್ಕೆ ಮುಚ್ಚಳವಾಗುವ ಅಡುಕು ಡಬ್ಬಿಯು ಈ ತೊಡಕನ್ನು ಬಿಡಿಸಿತು; ಮುದ್ದೆ, ಸಾರು, ಮಜ್ಜಿಗೆಯನ್ನ ಬೇರೆಬೇರೆಯಾಗಿಯೇ ಜೊತೆಗೂಡಿ ಹೋಗುವುವು. ಹಳೆಯ ಡಬ್ಬಿಗಳು ಹಿತ್ತಾಳೆಯವು. ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಇರುವುದರಿಂದ, ಹುಣಿಸೆ ಮೊಸರುಗಳ ಹುಳಿ ತಗಲಿದರೆ ಲೋಹವು ಊಟದಲ್ಲಿ ಇಳಿದು ಓಕರಿಕೆ, ಹೊಟ್ಟೆನೋವುಗಳನ್ನು ಉಂಟುಮಾಡಬಲ್ಲದು. ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಇದಕ್ಕಾಗಿಯೇ. ಕ್ರೋಮಿಯಂ ಬೆರೆತ ಇಂದಿನ ಉಕ್ಕಿಗೆ ತನ್ನ ಮೇಲ್ಮೈಯ ತೆಳುಪದರವೇ ರಕ್ಷೆ. ಆದುದರಿಂದ ಅಟ್ಟದ ಮೇಲಿನ ಅಜ್ಜಿಯ ಡಬ್ಬಿಯನ್ನು ಪ್ರೀತಿಯಿಂದ ಇಳಿಸುವ ಗೃಹಿಣಿಯರು ಮೊದಲು ಅದರ ಕಲಾಯಿಯನ್ನು ನೋಡತಕ್ಕದ್ದು.

ಇನ್ನು ಹೆಸರಿನ ಮಾತು. ಪಾತ್ರೆಯನ್ನು ಡಬ್ಬಿಯೆನ್ನಲಿ, ಕ್ಯಾರಿಯರ್ ಎನ್ನಲಿ, ಬಾಧೆಯಿಲ್ಲ. ಆದರೆ 'ಬುತ್ತಿ'ಯೆಂಬ ಮಾತು ಮರೆತುಹೋದರೆ, ಹೊಳೆಯುವ ಡಬ್ಬಿಯನ್ನು ಕೊಟ್ಟುದೇ ಸಾಕೆಂಬ ಭಾವನೆಯು ಮನೆಯಲ್ಲಿ ಬೆಳೆದೀತು. ಸಂಜೆ ಮಗುವಿನ ಡಬ್ಬಿ ಹಿಂದಿರುಗಿದಾಗ ಅದನ್ನು ತೊಳೆಯಲು ಹಾಕುವುದಕ್ಕೆ ಮೊದಲು ಒಮ್ಮೆ ತೆರೆದು ನೋಡಬೇಕು. ಅರ್ಧ ಉಳಿದ ಅನ್ನವು, ಮಗು ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿಗಳನ್ನು ತಾಯಿಗೆ ಹೇಳುವುದು.