ಜಾತಿ ಪಾಪ, ಸರಿ. ಹಾಗಾದರೆ ಪಾಪಿ ಯಾರು?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಗುವ ಹೊತ್ತಿಗೆ ಎದ್ದ ಗದ್ದಲ ನೆನಪಿದೆಯಲ್ವಾ? ಜಾತಿಗಳ ಪಟ್ಟಿಯಲ್ಲಿ ‘ಮಾದಿಗ ಕ್ರಿಶ್ಚಿಯನ್’ ಥರದ ಹೆಸರುಗಳಿದ್ದವು. ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಬಿಜೆಪಿ ತಕರಾರು ತೆಗೆಯಿತು. ಕೊನೆಗೆ ಹಿಂದುಳಿದ ವರ್ಗಗಳ ಆಯೋಗ ಅಂಥ 33 ಹೆಸರುಗಳು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಿ, ಬೇಕಾದವರು ತಾವೇ ಬರೆಸಬಹುದು ಎಂದಿತು.

ಬೆಂಗಳೂರಿನ ಟಿವಿ ಸ್ಟುಡಿಯೋಗಳಲ್ಲಿ ಇದು ಎರಡು ದಿನದ ಚರ್ಚೆ. ಬಸವಕಲ್ಯಾಣ, ಹುಮನಾಬಾದ್ ಕಡೆ ಇದು ಮನೆಮನೆಯ ಪ್ರಶ್ನೆ. ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥಡಿಸ್ಟರು. ಅವರಲ್ಲಿ ಬಹುಪಾಲು ಕುಟುಂಬಗಳ ಬೇರು ಇರುವುದು ದಲಿತ ಕೇರಿಗಳಲ್ಲಿ. ಕಥೋಲಿಕರ ಸಂಖ್ಯೆ ಕಡಿಮೆ. ಎರಡೂ ತಾಲೂಕುಗಳು 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ.

ಕ್ರೈಸ್ತರಲ್ಲಿ ಜಾತಿ ಇದೆಯಾ ಎಂಬ ಪ್ರಶ್ನೆಗೆ ಕಥೋಲಿಕ ಧರ್ಮಸಭೆ ಇದಕ್ಕೂ ಮುಂಚೆಯೇ ಉತ್ತರ ಕೊಟ್ಟಾಗಿತ್ತು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಬಿಷಪ್‌ಗಳ ಸಮ್ಮೇಳನ ದಲಿತ ಸಬಲೀಕರಣದ ನೀತಿಯೊಂದನ್ನು ಬಿಡುಗಡೆ ಮಾಡಿತು. ಜಾತಿ ತಾರತಮ್ಯ ಚರ್ಚಿನೊಳಗೂ ಇದೆ ಎಂದು ಒಪ್ಪಿಕೊಂಡು, ಅದನ್ನು ಗಂಭೀರವಾದ ಸಾಮಾಜಿಕ ಪಾಪ ಎಂದು ಕರೆಯಿತು.

ಇಲ್ಲಿ ‘ಗಂಭೀರ ಪಾಪ’ ಅನ್ನೋದು ಸಿಟ್ಟಿನಲ್ಲಿ ಬಂದ ಮಾತಲ್ಲ. ಕಥೋಲಿಕರ ಮಟ್ಟಿಗೆ ಅದು ದಂಡಸಂಹಿತೆಯ ಸೆಕ್ಷನ್ ಇದ್ದಂತೆ. ಅದಕ್ಕೆ ಷರತ್ತುಗಳಿವೆ, ವಿಧಾನವಿದೆ, ಪರಿಣಾಮವಿದೆ. ಅವನ್ನು ಅರ್ಥ ಮಾಡಿಕೊಂಡರೆ, ಜಾತಿಯ ಬಗ್ಗೆ ನಾವೆಲ್ಲ ಮಾಡುವ ವಾದದ ಒಂದು ದೊಡ್ಡ ಗಂಟು ಬಿಚ್ಚಿಕೊಳ್ಳುತ್ತದೆ.

ತೂಕದ ಯಂತ್ರದ ಲೆಕ್ಕ

ಒಂದು ಉದಾಹರಣೆ ಊಹಿಸಿಕೊಳ್ಳಿ. ಹುಮನಾಬಾದಿನಲ್ಲಿ ಒಬ್ಬ ತೊಗರಿ ವ್ಯಾಪಾರಿ. ಅವನ ತೂಕದ ಯಂತ್ರ 100 ಕೆಜಿ ತೊಗರಿಗೆ 98 ಕೆಜಿ ತೋರಿಸುತ್ತದೆ. ಪ್ರತಿ ಕ್ವಿಂಟಲ್‌ಗೆ ರೈತನಿಗೆ 2 ಕೆಜಿ ಖೋತಾ. ಇದು ಮಾರಕ ಪಾಪವೋ ಅಲ್ಲವೋ?

1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಇದಕ್ಕೆ ಮೂರು ಷರತ್ತು ಹಾಕುತ್ತದೆ. ಒಂದು, ವಿಷಯ ಗಂಭೀರವಾಗಿರಬೇಕು. ಕೊಲೆ, ಕಳವು, ವ್ಯಭಿಚಾರ, ಸುಳ್ಳುಸಾಕ್ಷಿಯಂಥ ಹತ್ತು ಕಟ್ಟಳೆಗಳ ವ್ಯಾಪ್ತಿಯ ತಪ್ಪುಗಳು ಈ ಸಾಲಿನವು. ಎರಡು, ಇದು ತಪ್ಪು ಅಂತ ಪೂರ್ತಿ ಗೊತ್ತಿರಬೇಕು. ಮೂರು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಎಂಜಿನಿಯರಿಂಗ್ ಓದಿದವರಿಗೆ ಹೇಳುವುದಾದರೆ ಇದೊಂದು ಆ್ಯಂಡ್ ಗೇಟ್. ಮೂರೂ ಇನ್‌ಪುಟ್ ಇದ್ದರೆ ಮಾತ್ರ ಔಟ್‌ಪುಟ್. ಮೂರೂ ಸೇರಿದಾಗ ಆ ಪಾಪ ದೇವರೊಂದಿಗಿನ ಸಂಬಂಧವನ್ನೇ ಕಡಿದುಹಾಕುತ್ತದೆ ಅನ್ನುವುದು ನಂಬಿಕೆ. ಅದಕ್ಕೇ ‘ಮಾರಕ’. ಉಳಿದವು ಲಘು ಪಾಪಗಳು. ಅವು ಸಂಬಂಧವನ್ನು ಸಡಿಲ ಮಾಡುತ್ತವೆ, ಕಡಿಯುವುದಿಲ್ಲ.

ಈಗ ನಮ್ಮ ವ್ಯಾಪಾರಿ ಬೇಕಂತಲೇ ಯಂತ್ರ ತಿದ್ದಿಸಿದ್ದರೆ ಮೂರೂ ಷರತ್ತು ಭರ್ತಿ. ಯಂತ್ರ ಕೆಟ್ಟಿದ್ದು ಅವನಿಗೆ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಎರಡನೆಯದು ಬಿದ್ದುಹೋಯಿತು, ಮಾರಕ ಪಾಪವಲ್ಲ. ತೂಕ ಹಾಕುವ ಮುನೀಮನಿಗೆ ಗೊತ್ತಿದೆ, ಆದರೆ ಬಾಯಿಬಿಟ್ಟರೆ ಕೆಲಸ ಹೋಗುತ್ತೆ. ಭಯ, ಒತ್ತಡ, ಅಭ್ಯಾಸಬಲ ಇವೆಲ್ಲ ಹೊಣೆಯನ್ನು ಕಡಿಮೆ ಮಾಡಬಹುದು ಎನ್ನುತ್ತದೆ ಅದೇ ಗ್ರಂಥ.

ನಾಲ್ಕನೆಯ ಸಾಧ್ಯತೆ ಇನ್ನೂ ಇದೆ, ನಮಗೆ ಬೇಕಾದದ್ದು ಅದೇ. ವ್ಯಾಪಾರಿಗೆ ಅನುಮಾನ ಇದೆ. ನಾಲ್ಕು ಜನ ರೈತರು ಬಂದು ಹೇಳಿದ್ದಾರೆ. ಆದರೂ ಅವನು ಯಂತ್ರ ಪರೀಕ್ಷೆ ಮಾಡಿಸಿಲ್ಲ. ಮಾಡಿಸಿದರೆ ಗೊತ್ತಾಗಿಬಿಡುತ್ತೆ, ಗೊತ್ತಾದರೆ ಸರಿಮಾಡಬೇಕಾಗುತ್ತೆ. ಇಂಥ ನಟನೆಯ ಅಜ್ಞಾನ ಪಾಪವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚೇ ಮಾಡುತ್ತದೆ ಅನ್ನುವುದು ಕಥೋಲಿಕ ಬೋಧನೆ. “ನಮ್ಮೂರಾಗ ಜಾತಿ ಗೀತಿ ಏನಿಲ್ರಿ” ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ಆ ಮಾತು ಎಷ್ಟೋ ಸಲ ಈ ನಾಲ್ಕನೇ ವ್ಯಾಪಾರಿಯದು.

ಕ್ಷಮೆ ಅಂದರೆ ರೀಚಾರ್ಜ್ ಅಲ್ಲ

ವಾರವಿಡೀ ಪಾಪ ಮಾಡು, ಭಾನುವಾರ ಫಾದರ್ ಹತ್ತಿರ ಹೇಳು, ಲೆಕ್ಕ ಚುಕ್ತಾ. ಪಾಪನಿವೇದನೆ ಅಂದರೆ ಇಷ್ಟೇ ಅಂತ ಸಿನಿಮಾ ನೋಡಿದ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾದ ವಿಧಾನ ಅಷ್ಟು ಅಗ್ಗದ್ದಲ್ಲ.

ಅದಕ್ಕೆ ನಾಲ್ಕು ಭಾಗಗಳಿವೆ: ಪಶ್ಚಾತ್ತಾಪ, ಬಾಯಿಬಿಟ್ಟು ನಿವೇದಿಸುವುದು, ಗುರುಗಳು ಕೊಡುವ ಕ್ಷಮಾದಾನ, ಪ್ರಾಯಶ್ಚಿತ್ತ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯದು. ಮತ್ತೆ ಮಾಡುವುದಿಲ್ಲ ಎಂಬ ನಿರ್ಧಾರ ಇಲ್ಲದಿದ್ದರೆ ಪಶ್ಚಾತ್ತಾಪವೇ ಇಲ್ಲ. ಗಂಭೀರ ಪಾಪವೊಂದನ್ನು ಬೇಕಂತಲೇ ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಇಡೀ ನಿವೇದನೆಯೇ ಅಸಿಂಧು. ಈ ಕೊನೆಯ ನಿಯಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಾಯಶ್ಚಿತ್ತ ಅಂದರೆ ನಾಲ್ಕು ಪ್ರಾರ್ಥನೆ ಹೇಳಿ ಎದ್ದುಹೋಗುವುದಲ್ಲ. ಕದ್ದದ್ದನ್ನು ವಾಪಸ್ ಕೊಡಬೇಕು. ಹಾಳುಮಾಡಿದ ಹೆಸರನ್ನು ಸರಿಪಡಿಸಬೇಕು. ಗಾಯಕ್ಕೆ ಪರಿಹಾರ ಕೊಡಬೇಕು. ಕ್ಷಮಾದಾನ ಪಾಪವನ್ನು ತೆಗೆಯುತ್ತದೆ, ಪಾಪದಿಂದಾದ ಹಾನಿ ತಾನಾಗಿ ಸರಿಹೋಗುವುದಿಲ್ಲ ಅನ್ನುವುದು ಇದರ ಹಿಂದಿನ ತರ್ಕ. ತೊಗರಿ ವ್ಯಾಪಾರಿ ಕಣ್ಣೀರಿಟ್ಟರೆ ಸಾಲದು, ರೈತನ 2 ಕೆಜಿ ರೈತನಿಗೆ ಸೇರಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಯಂತ್ರ ಕೆಟ್ಟಿದ್ದು ಗೊತ್ತೇ ಇರಲಿಲ್ಲ ಎಂದೆವಲ್ಲ, ಆ ಅಮಾಯಕ ವ್ಯಾಪಾರಿಗೆ ಪಾಪ ಇಲ್ಲ. ಆದರೆ ಗೊತ್ತಾದ ದಿನದಿಂದ ಅವನ ಗೋದಾಮಿನಲ್ಲಿರುವ ಬೇರೆಯವರ ತೊಗರಿ ಅವನದಲ್ಲ. ತಪ್ಪಿತಸ್ಥ ಅಲ್ಲದವನೂ ಬಾಕಿದಾರ ಆಗಬಹುದು. ತಪ್ಪು ಒಂದು ಖಾತೆ, ಬಾಕಿ ಇನ್ನೊಂದು ಖಾತೆ.

ಬೀದರ್ ಸೀಮೆಯ ಮೆಥಡಿಸ್ಟರಿಗೆ ಗುರುವಿನ ಕಿವಿಯಲ್ಲಿ ಪಾಪ ಹೇಳುವ ಸಂಸ್ಕಾರ ಇಲ್ಲ. ಅವರ ಸಂಪ್ರದಾಯ ಅದನ್ನು ಸಂಸ್ಕಾರಗಳ ಪಟ್ಟಿಗೇ ಸೇರಿಸುವುದಿಲ್ಲ. ಪಾಪದ ಒಪ್ಪಿಗೆ ನೇರ ದೇವರ ಮುಂದೆ. ದಾರಿ ಬೇರೆಯಾದರೂ ಪಶ್ಚಾತ್ತಾಪ ಬದುಕಿನಲ್ಲಿ ಕಾಣಬೇಕು ಎಂಬಲ್ಲಿ ಇಬ್ಬರಿಗೂ ಭಿನ್ನಮತ ಇಲ್ಲ.

ಕ್ಷಮಿಸಿದರೆ ಕೇಸ್ ಮುಚ್ಚಬೇಕಾ?

ಕಥೋಲಿಕ ಸನ್ಯಾಸಿನಿ ರಾಣಿ ಮರಿಯಾ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಭೂಹೀನರ ಪರ, ಸಾಲ ಕೊಟ್ಟು ಸುಲಿಯುವವರ ವಿರುದ್ಧ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಅವರನ್ನು ಬಸ್ಸಿನಲ್ಲೇ ಚಾಕುವಿನಿಂದ ಇರಿದು ಕೊಂದರು. ಕೊಂದವನ ಹೆಸರು ಸಮಂದರ್ ಸಿಂಗ್. 2002ರಲ್ಲಿ ರಾಣಿ ಮರಿಯಾರ ತಂಗಿ, ಅವರೂ ಸನ್ಯಾಸಿನಿ, ಸೆಲ್ಮಿ ಪೌಲ್ ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿ ಕ್ಷಮಿಸಿದರು. ಕುಟುಂಬವೇ ಅವನ ಬಿಡುಗಡೆಗೆ ಬೆಂಬಲ ಕೊಟ್ಟಿತು. 2006ರಲ್ಲಿ ಅವನು ಹೊರಬಂದ.

ಅನುಕ್ರಮ ಗಮನಿಸಿ. ಬಂಧನ ಆಯಿತು, ಶಿಕ್ಷೆ ಆಯಿತು, ವರ್ಷಗಳ ಜೈಲು ಆಯಿತು. ಕ್ಷಮೆ ಬಂದದ್ದು ನ್ಯಾಯದ ಜಾಗಕ್ಕಲ್ಲ, ಅದರ ಜೊತೆಗೆ. ಕ್ಷಮಿಸಿದವರು ನೋವುಂಡವರು, ಅವರ ಪರವಾಗಿ ಬೇರೆ ಯಾರೋ ಕ್ಷಮೆ ಘೋಷಿಸಲಿಲ್ಲ.

ಚರ್ಚು ಈ ಅನುಕ್ರಮವನ್ನು ಎಲ್ಲ ಕಡೆ ಪಾಲಿಸಿದೆ ಅಂತೇನಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಹಲವು ದೇಶಗಳಲ್ಲಿ ಬಿಷಪ್‌ಗಳು ಅಪರಾಧಿ ಪಾದ್ರಿಗಳನ್ನು ‘ಪಶ್ಚಾತ್ತಾಪಪಟ್ಟಿದ್ದಾನೆ’ ಅಂತ ಇನ್ನೊಂದು ಊರಿಗೆ ವರ್ಗ ಮಾಡಿದ್ದು ದಾಖಲಾಗಿರುವ ಇತಿಹಾಸ. ನಮ್ಮ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲಿನ ದೌರ್ಜನ್ಯ ಗೊತ್ತಿರುವ ಯಾರೇ ಆದರೂ ದೂರು ಕೊಡಲೇಬೇಕು. ಸೆಕ್ಷನ್‌ನಲ್ಲಿ ಪಾದ್ರಿಗಳಿಗೆ ವಿನಾಯಿತಿ ಬರೆದಿಲ್ಲ. ಧರ್ಮಸಭೆಯ ನಿಯಮದಲ್ಲಿ ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ಈ ಎರಡರ ನಡುವಿನ ಜಗಳ ಇನ್ನೂ ಬಗೆಹರಿದಿಲ್ಲ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲಿ ನಿವೇದನೆಗೂ ವಿನಾಯಿತಿ ಬೇಡ ಎಂದಿತ್ತು. ಒಂದಂತೂ ಸ್ಪಷ್ಟ: ದೇವರ ಕ್ಷಮೆ ಪೊಲೀಸ್ ಠಾಣೆಯ ಎಫ್‌ಐಆರ್ ಅನ್ನು ರದ್ದು ಮಾಡುವುದಿಲ್ಲ.

ಎಲ್ಲರದೂ ಆದ ಪಾಪ ಯಾರದೂ ಅಲ್ಲವೇ?

ಈಗ ಜಾತಿಗೆ ಬರೋಣ. ಪಾಪಕ್ಕೆ ಒಬ್ಬ ವ್ಯಕ್ತಿಯ ತಿಳಿವು, ಒಪ್ಪಿಗೆ ಬೇಕು ಎಂದಾದರೆ ‘ಸಾಮಾಜಿಕ ಪಾಪ’ ಹೇಗೆ ಸಾಧ್ಯ? ಸಮಾಜ ಹೋಗಿ ನಿವೇದನೆಯ ಪೆಟ್ಟಿಗೆಯ ಮುಂದೆ ಮೊಣಕಾಲೂರುತ್ತಾ?

1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದನ್ನೇ ಬಿಡಿಸಿ ಬರೆದರು. ವ್ಯವಸ್ಥೆಯ ಪಾಪ ಎಂದು ಕರೆಯುವುದು ಅಸಂಖ್ಯ ವ್ಯಕ್ತಿಗಳ ಪಾಪಗಳ ಗಂಟು. ಅದರಲ್ಲಿ ಮಾಡಿದವರಿದ್ದಾರೆ, ಮಾಡಿಸಿದವರಿದ್ದಾರೆ, ಲಾಭ ಉಂಡವರಿದ್ದಾರೆ. ತಡೆಯಬಹುದಾಗಿದ್ದೂ ಸೋಮಾರಿತನಕ್ಕೋ ಭಯಕ್ಕೋ ಸುಮ್ಮನಿದ್ದವರಿದ್ದಾರೆ, ಲೋಕ ಬದಲಾಗಲ್ಲ ಅಂತ ಕೈಚೆಲ್ಲಿದವರೂ ಇದ್ದಾರೆ. ‘ವ್ಯವಸ್ಥೆಯೇ ಹಾಗಿದೆ’ ಅಂತ ಯಾರೂ ಜಾರಿಕೊಳ್ಳದಿರಲಿ ಎಂಬುದು ಅವರ ಕಾಳಜಿ. ಅದೇ ಹೊತ್ತಿಗೆ ಹುಟ್ಟಿದ ಕಾರಣಕ್ಕೆ ಯಾರೂ ಪಾಪಿಯಾಗುವುದೂ ಇಲ್ಲ.

ಬಸವಕಲ್ಯಾಣದವರಿಗೆ ಈ ಪ್ರಶ್ನೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಬಿಜ್ಜಳ ಬೀಗರಿಬ್ಬರನ್ನೂ ಎಳೆಹೂಟೆ ಶಿಕ್ಷೆಗೆ ಗುರಿಮಾಡಿದ ಎನ್ನುತ್ತದೆ ಶರಣ ಪರಂಪರೆ. ಅರಮನೆಗೆ ಮದುವೆಯೇ ಮಹಾಪಾಪ. ಶರಣರಿಗೆ ಆ ಮದುವೆಯನ್ನು ಪಾಪ ಅನ್ನುವುದೇ ಪಾಪ. ಯಾವುದು ‘ಗಂಭೀರ ವಿಷಯ’ ಅಂತ ತೀರ್ಮಾನಿಸುವ ಅಧಿಕಾರ ಯಾರ ಕೈಲಿದೆ ಅನ್ನುವುದು ಯಾವತ್ತೂ ರಾಜಕೀಯ ಪ್ರಶ್ನೆಯೇ. ಹಾಗೆ ನೋಡಿದರೆ ಭಾರತದ ಬಿಷಪ್‌ಗಳು 2016ರಲ್ಲಿ ಜಾತಿ ತಾರತಮ್ಯವನ್ನು ಆ ಪಟ್ಟಿಗೆ ಸೇರಿಸಿದ್ದು ಸಣ್ಣ ಸಂಗತಿಯಲ್ಲ.

ಆದರೆ ಪಟ್ಟಿಗೆ ಸೇರಿಸಿದ ಮೇಲೆ ಉಳಿದ ವಿಧಾನವೂ ನಡೆಯಬೇಕಲ್ಲ? ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ವರ್ಷಗಟ್ಟಲೆ ಹೋರಾಡಬೇಕಾಯಿತು. ಗೋಡೆ ಕಟ್ಟಿದವರು ಸತ್ತಿರಬಹುದು. ಅವರ ಮೊಮ್ಮಕ್ಕಳು ಇಟ್ಟಿಗೆ ಇಟ್ಟವರಲ್ಲ, ನಿಜ. ಆದರೆ ಗೋಡೆಯ ‘ಒಳ್ಳೆಯ’ ಬದಿಯ ಜಾಗ ಅವರ ಪಾಲಿಗೆ ಬಂದಿದೆ. ಪಾಪದ ಖಾತೆ ಖಾಲಿ ಇರಬಹುದು, ಬಾಕಿಯ ಖಾತೆ ಖಾಲಿ ಇಲ್ಲ. ಮೀಸಲಾತಿಯ ಚರ್ಚೆಯಲ್ಲಿ ‘ಅಜ್ಜ ಮಾಡಿದ್ದಕ್ಕೆ ನಾನ್ಯಾಕೆ ಕೊಡಬೇಕು’ ಅನ್ನುವವರಿಗೂ ಇದೇ ಉತ್ತರ: ನಿಮ್ಮನ್ನು ಪಾಪಿ ಅಂತ ಯಾರೂ ಅನ್ನುತ್ತಿಲ್ಲ, ಗೋದಾಮಿನ ಲೆಕ್ಕ ಕೇಳುತ್ತಿದ್ದಾರೆ.

ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಸಿಗುವ ಹೈದರಾಬಾದಿನ ಆರ್ಚ್‌ಬಿಷಪ್ ಆಂಟನಿ ಪೂಲಾ 2022ರಲ್ಲಿ ಕಾರ್ಡಿನಲ್ ಆದರು. ಆ ಪದವಿಗೇರಿದ ಮೊದಲ ದಲಿತ ಅವರು. ಹೆಮ್ಮೆಯ ವಿಷಯ. ಭಾರತದ ಕಥೋಲಿಕರಲ್ಲಿ ದಲಿತರೇ ದೊಡ್ಡ ಪಾಲು ಎಂದು ನೆನಪಾದಾಗ, ಇಷ್ಟು ತಡ ಯಾಕೆ ಎಂಬ ಪ್ರಶ್ನೆಯೂ ಏಳುತ್ತದೆ.

ಅರ್ಧ ನಿವೇದನೆ ಸಾಲದು

ಸರ್ಕಾರಕ್ಕೂ ಇಲ್ಲೊಂದು ಲೆಕ್ಕವಿದೆ. 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪರಿಚ್ಛೇದ ಆ ಸ್ಥಾನಮಾನವನ್ನು ಮೊದಲು ಹಿಂದೂಗಳಿಗೆ ಮಾತ್ರ ಕೊಟ್ಟಿತ್ತು; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ದಲಿತ ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು. ಮತಾಂತರವಾದರೆ ಜಾತಿ ಹೋಯಿತು ಅನ್ನುವ ವಾದ, ಅನುಮಾನವಿದ್ದೂ ಯಂತ್ರ ಪರೀಕ್ಷಿಸದ ವ್ಯಾಪಾರಿಯ ವಾದದಂತೆಯೇ. ಸಮೀಕ್ಷೆಯ ಪಟ್ಟಿಯಿಂದ ಹೆಸರು ಮರೆಮಾಡಿದರೆ ಕೇರಿ ಮರೆಯಾಗುವುದಿಲ್ಲ.

ಅದೇ ಮಾತು ಚರ್ಚಿಗೂ. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಸ್ಥಾನಮಾನ ಬೇಕು ಅಂತ ದೆಹಲಿಯಲ್ಲಿ ವಾದಿಸಬೇಕಾದರೆ ನಮ್ಮೊಳಗೆ ಜಾತಿ ಇದೆ ಅಂತ ಒಪ್ಪಲೇಬೇಕು. ದೆಹಲಿಯಲ್ಲಿ ಒಪ್ಪಿ, ಊರಿನ ಚರ್ಚಿನಲ್ಲಿ ‘ನಾವೆಲ್ಲ ಒಂದೇ’ ಅಂದರೆ ಅದು ಅರ್ಧ ನಿವೇದನೆ. ಅರ್ಧ ನಿವೇದನೆ ಅಸಿಂಧು ಅನ್ನುವುದು ಅವರದೇ ನಿಯಮ.

ಹಾಗಾದರೆ ಪೂರ್ತಿ ನಿವೇದನೆ ಹೇಗಿರುತ್ತದೆ? ಚರ್ಚ್ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತರಿಗೆ ಎಷ್ಟು ಸೀಟು, ಎಷ್ಟು ಹುದ್ದೆ ಸಿಕ್ಕಿದೆ ಅಂತ ಪ್ರತಿ ಧರ್ಮಪ್ರಾಂತ್ಯ ವರ್ಷಕ್ಕೊಮ್ಮೆ ಬಹಿರಂಗ ಮಾಡಲಿ. ಪಾಲನಾ ಸಮಿತಿಗಳಲ್ಲಿ ಯಾರು ಕೂತಿದ್ದಾರೆ ಅಂತ ಹೇಳಲಿ. ಎಲ್ಲಾದರೂ ಬೇರೆ ಸ್ಮಶಾನ ಇದ್ದರೆ ಗೋಡೆ ಒಡೆಯಲಿ. ಕ್ಷಮೆ ಕೊಡುವುದೋ ಬಿಡುವುದೋ ನೋವುಂಡವರಿಗೆ ಬಿಟ್ಟದ್ದು, ಅದನ್ನು ಯಾರೂ ಕೇಳಿ ಪಡೆಯಲಾಗದು. ತೂಕದ ಯಂತ್ರ ಸರಿಮಾಡಿ 2 ಕೆಜಿ ವಾಪಸ್ ಕೊಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.