ಅಕ್ಟೋಬರಿನ ಮಾಂಟೆರೆ: ತಣ್ಣೀರಿನ ಡೈವಿಂಗಿಗೆ ತಯಾರಿ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತವರಿಗೆ ಸಮುದ್ರವೆಂದರೆ ಬೆಚ್ಚಗಿನ ನೀರು. ಅಲ್ಲಿ 27–28 ಡಿಗ್ರಿ ಇರುತ್ತದೆ, ತೆಳ್ಳನೆಯ ಸೂಟು ಸಾಕಾಗುತ್ತದೆ. ಅದೇ ಮಂದಿ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೋ ಫ್ರೀಮಾಂಟಿಗೋ ಬಂದು ನೆಲೆಸಿದರೆ, ಒಂದೂವರೆ–ಎರಡು ಗಂಟೆ ಕಾರು ಓಡಿಸಿದರೆ ಸಿಗುವ ಡೈವಿಂಗ್ ಜಾಗ ಮಾಂಟೆರೆ. ಅಲ್ಲಿನ ನೀರು ಹೆಚ್ಚುಕಡಿಮೆ ವರ್ಷವಿಡೀ 10ರಿಂದ 15 ಡಿಗ್ರಿಯ ಆಸುಪಾಸು. ಬೆಂಗಳೂರಿನ ಡಿಸೆಂಬರ್ ಬೆಳಗಿನ ನಲ್ಲಿ ನೀರು ಇದರ ಮುಂದೆ ಬಿಸಿನೀರು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಹಾಗಾಗಿ ಇಂಥ ಕಡೆ ಬೆನ್ನ ಮೇಲಿನ ಸಿಲಿಂಡರಿನ ಗಾಳಿ ಖಾಲಿಯಾಗುತ್ತಾ ಹೋದಂತೆ ಮೈಯ ಬಿಸಿಯೂ ಖಾಲಿಯಾಗುತ್ತಾ ಹೋಗುತ್ತದೆ. ಗಾಳಿಗೆ ಮೀಟರಿದೆ, ಬಿಸಿಗೆ ಇಲ್ಲ. ಯಾವ ತಿಂಗಳು ಹೋಗಬೇಕು, ಏನು ತೊಡಬೇಕು, ದಿನಕ್ಕೆ ಎಷ್ಟು ಸಲ ಇಳಿಯಬೇಕು ಎಂಬುದನ್ನೆಲ್ಲ ಈ ಮೀಟರಿಲ್ಲದ ಲೆಕ್ಕವೇ ತೀರ್ಮಾನಿಸುತ್ತದೆ.

ಮೊದಲು ತಿಂಗಳು. ಬೇಸಿಗೆ ರಜೆಯಲ್ಲಿ, ಜೂನ್–ಜುಲೈನಲ್ಲಿ ಹೋಗುವುದು ಸರಿ ಎಂದು ಯಾರಿಗಾದರೂ ಅನಿಸೀತು. ಮಾಂಟೆರೆಯಲ್ಲಿ ಅದು ತಪ್ಪು ಲೆಕ್ಕ. ವಸಂತದಿಂದ ಬೇಸಿಗೆಯವರೆಗೆ ಈ ಕರಾವಳಿಯಗುಂಟ ವಾಯವ್ಯದ ಗಾಳಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿಯ ನೂಕಿಗೆ ಮೇಲ್ನೀರು ಬಲಕ್ಕೆ ವಾಲಿ ದಡದಿಂದ ಆಚೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೇರಳ. ಬಿಸಿಲು ಬಿದ್ದದ್ದೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ನೀರು ಹಸಿರು ಗಂಜಿಯಂತಾಗುತ್ತದೆ. ಚಾಚಿದ ಕೈ ಕಾಣದ ದಿನಗಳೂ ಇರುತ್ತವೆ. (ಮಳೆಗಾಲದಲ್ಲಿ ನಮ್ಮ ಅರಬ್ಬಿ ಸಮುದ್ರದ ಕರಾವಳಿಯಲ್ಲೂ ತಳದ ತಣ್ಣೀರು ಹೀಗೆಯೇ ಮೇಲೇಳುತ್ತದೆ. ಆಗ ನೇತ್ರಾಣಿಯಲ್ಲಿ ಡೈವಿಂಗ್ ಬಂದ್ ಆಗಿರುವುದರಿಂದ ನಮಗೆ ಅದರ ಅನುಭವವಿಲ್ಲ, ಅಷ್ಟೆ.)

ಸೆಪ್ಟೆಂಬರ್ ಹೊತ್ತಿಗೆ ಗಾಳಿ ಸಡಿಲಾಗುತ್ತದೆ. ಹೊರಗಡಲಿನ ತಿಳಿನೀರು ದಡಕ್ಕೆ ಹತ್ತಿರ ಬರುತ್ತದೆ, ಬೇಸಿಗೆಯ ಮಂಜು ಕರಗಿ ಬಿಸಿಲು ಬೀಳುತ್ತದೆ. ವರ್ಷದಲ್ಲೇ ಹೆಚ್ಚು ಬೆಚ್ಚನೆಯ ಮೇಲ್ನೀರು ಸಿಗುವುದು ಈ ಅವಧಿಯಲ್ಲೇ. ‘ಬೆಚ್ಚನೆ’ ಎಂದರೆ 14–15 ಡಿಗ್ರಿ, ಮೋಸ ಹೋಗಬೇಡಿ. ಕೆಳಗಿಳಿದಂತೆ ಒಂದು ಹಂತದಲ್ಲಿ ತಣ್ಣೀರಿನ ಪದರ ಥಟ್ಟನೆ ಮುಖಕ್ಕೆ ರಾಚುತ್ತದೆ. ಅದರ ಕೆಳಗೆ 10–11 ಡಿಗ್ರಿ ಇರಬಹುದು. ನವೆಂಬರ್ ನಡುಭಾಗ ದಾಟಿದರೆ ಉತ್ತರ ಪೆಸಿಫಿಕ್‌ನ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ತೆರೆಗಳು ಬಂದು ಅಪ್ಪಳಿಸಲು ಶುರು. ನಡುವೆ ಉಳಿಯುವುದು ಕೆಲವೇ ವಾರ. ಅಕ್ಟೋಬರ್ ಅದರ ಹದವಾದ ಭಾಗ.

ಇನ್ನು ಸೂಟು. ಮಾಂಟೆರೆಯಲ್ಲಿ ಬಾಡಿಗೆಗೆ ಸಾಮಾನ್ಯವಾಗಿ ಸಿಗುವುದು 7 ಮಿಲಿಮೀಟರ್ ದಪ್ಪದ ವೆಟ್‌ಸೂಟು. ಜೊತೆಗೆ ತಲೆ–ಕುತ್ತಿಗೆ ಮುಚ್ಚುವ ಹುಡ್, ದಪ್ಪ ಕೈಗವಸು, ಬೂಟು. ವೆಟ್‌ಸೂಟು ನೀರನ್ನು ತಡೆಯುವುದಿಲ್ಲ. ಒಳನುಗ್ಗಿದ ತೆಳು ನೀರಿನ ಪದರವನ್ನು ಅಲ್ಲೇ ಹಿಡಿದಿಡುತ್ತದೆ, ಮೈ ಅದನ್ನು ಬಿಸಿ ಮಾಡಿಕೊಳ್ಳುತ್ತದೆ. ಸೂಟು ಸಡಿಲವಾಗಿದ್ದರೆ ಬಿಸಿ ಮಾಡಿಕೊಂಡ ನೀರು ಹೊರಹೋಗಿ ಹೊಸ ತಣ್ಣೀರು ಬೆನ್ನಿಗೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಎಷ್ಟು ದಪ್ಪ ಎಂಬುದಕ್ಕಿಂತ ಎಷ್ಟು ಬಿಗಿ ಎಂಬುದೇ ಮುಖ್ಯ ಎನ್ನುವವನು ನಾನು. ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ ತೊಟ್ಟು ನೋಡಿ; ಸೊಂಟದ ಹಿಂಭಾಗ ಮತ್ತು ಕಂಕುಳಲ್ಲಿ ಪೊಳ್ಳು ಇರಬಾರದು. ತೊಡುವುದೇ ಒಂದು ಕುಸ್ತಿ ಎನಿಸಿದರೆ ಅಳತೆ ಸರಿಯಾಗಿದೆ ಎಂದೇ ಅರ್ಥ. ಆದರೆ ಕುತ್ತಿಗೆ ಬಿಗಿದು ಉಸಿರು ಕಟ್ಟುವಂತಿದ್ದರೆ ಬೇಡ.

ಆಳದಲ್ಲಿ ಇನ್ನೊಂದು ತೊಡಕು. ಸೂಟಿನ ನಿಯೋಪ್ರೀನ್‌ನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಚಳಿ ತಡೆಯುವುದೂ ನಮ್ಮನ್ನು ತೇಲಿಸುವುದೂ ಅವೇ. 20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಸೂಟು ತೆಳುವಾಗುತ್ತದೆ. ನೀರು ಹೆಚ್ಚು ತಣ್ಣಗಿರುವ ಜಾಗದಲ್ಲೇ ಹೊದಿಕೆ ಕೈಕೊಡುತ್ತದೆ, ತೇಲುವ ಬಲವೂ ಇಳಿಯುತ್ತದೆ.

ಈ ರಗಳೆ ಇಲ್ಲದ್ದು ಡ್ರೈಸೂಟು. ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ನುಗ್ಗದಂಥ ಪಟ್ಟಿ, ಒಳಗೆ ಉಣ್ಣೆಯಂಥ ಬಟ್ಟೆ, ಅದರ ಸುತ್ತ ಗಾಳಿ. ಇಳಿದಂತೆ ಸಿಲಿಂಡರಿನಿಂದಲೇ ಸೂಟಿಗೆ ಗಾಳಿ ತುಂಬಬೇಕು, ಏರುವಾಗ ಬಿಡಬೇಕು. ಗಾಳಿ ಕಾಲಿನ ಕಡೆ ಸೇರಿಕೊಂಡರೆ ತಲೆಕೆಳಗಾಗಿ ಮೇಲಕ್ಕೆ ಹಾರುವ ಅಪಾಯವಿದೆ. ಅದಕ್ಕೆ ಬೇರೆಯೇ ತರಬೇತಿ ಬೇಕು; ಪ್ರವಾಸದ ಮೊದಲ ದಿನ ಅಂಗಡಿಯಲ್ಲಿ ತೊಟ್ಟುಕೊಂಡು ಇಳಿಯುವ ವಸ್ತುವಲ್ಲ. ಮೊದಲ ಋತುವಿಗೆ ಬಿಗಿಯಾದ ವೆಟ್‌ಸೂಟು, ದಿನಕ್ಕೆ ಎರಡೇ ಡೈವ್. ಮತ್ತೆ ಮತ್ತೆ ಹೋಗುವ ಮನಸ್ಸಾದರೆ ಆಮೇಲೆ ಡ್ರೈಸೂಟಿನ ಖರ್ಚು.

ದಪ್ಪ ಸೂಟು ತೇಲುವುದರಿಂದ ಮುಳುಗಲು ಸೀಸ ಬೇಕು. ನೇತ್ರಾಣಿಯಲ್ಲಿ ಮೂರು–ನಾಲ್ಕು ಕಿಲೋದಲ್ಲಿ ಇಳಿದವರಿಗೆ ಇಲ್ಲಿ ಹತ್ತು–ಹನ್ನೆರಡು ಕಿಲೋ ಕಟ್ಟಿಕೊಳ್ಳಬೇಕಾದೀತು. ಅಂದಾಜಿಗೆ ಬಿಡದೆ ಆಳ ಕಡಿಮೆಯಿರುವಲ್ಲಿ ಪರೀಕ್ಷೆ ಮಾಡಿ: ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಹಜ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ ಎರಡು ಕಿಲೋ ಸೇರಿಸಿಕೊಳ್ಳಿ. ಗಾಳಿಗೂ ತೂಕವಿದೆ, ಅದು ಖರ್ಚಾದಾಗ ನೀವು ಹಗುರಾಗುತ್ತೀರಿ. ಅಲ್ಲಿನ ಬಾಡಿಗೆ ಸಾಮಾನಿನಲ್ಲಿ ತೂಕ ಪೌಂಡಿನಲ್ಲಿ, ಆಳ ಅಡಿಯಲ್ಲಿ, ಗಾಳಿಯ ಒತ್ತಡ ಪಿಎಸ್ಐನಲ್ಲಿ. ಬಾರ್‌ನಲ್ಲಿ ಕಲಿತವರು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ: 3,000 ಪಿಎಸ್ಐ ಎಂದರೆ ಸುಮಾರು 207 ಬಾರ್, 60 ಅಡಿ ಎಂದರೆ 18 ಮೀಟರ್. ನೀರಿನಡಿ ಗುಣಾಕಾರ ಮಾಡುವ ಹೊತ್ತಿಗೆ ಚಳಿ ತಲೆಯನ್ನೂ ಮಂದ ಮಾಡಿರುತ್ತದೆ.

ಎಲ್ಲಿ ಇಳಿಯಬೇಕು? ಮೊದಲ ದಿನಕ್ಕೆ ನಾನು ಬೇರೆ ಯಾವ ಹೆಸರನ್ನೂ ಹೇಳುವುದಿಲ್ಲ, ಬ್ರೇಕ್‌ವಾಟರ್ ಅಷ್ಟೆ. ಕ್ಯಾನರಿ ರೋ ಬೀದಿಯ ಒಂದು ತುದಿಯಲ್ಲಿ, ಸ್ಯಾನ್ ಕಾರ್ಲೋಸ್ ಬೀಚಿನ ಪಕ್ಕ, ಬಂದರನ್ನು ಕಾಯಲು ಬಂಡೆ ಪೇರಿಸಿ ಕಟ್ಟಿದ ತಡೆಗೋಡೆ. ಗೋಡೆಯೇ ದೊಡ್ಡ ತೆರೆಗಳನ್ನು ತಡೆಯುವುದರಿಂದ ಹೊಸಬರನ್ನು ಕರೆತರುವುದೂ ಇಲ್ಲಿಗೇ. ವಾರಾಂತ್ಯದಲ್ಲಿ ಬೆಳಗ್ಗೆ ಬೇಗ ಹೋಗದಿದ್ದರೆ ಪಾರ್ಕಿಂಗ್ ಸಿಗದು. ಗೋಡೆಯ ತುದಿಯಲ್ಲಿ ಸಮುದ್ರಸಿಂಹಗಳ ಸಂತೆ. ದಕ್ಷಿಣದ ದ್ವೀಪಗಳಲ್ಲಿ ಮರಿ ಹಾಕುವ ಕಾಲ ಮುಗಿದ ಮೇಲೆ ಗಂಡುಗಳು ಉತ್ತರಕ್ಕೆ ಬರುವುದರಿಂದ ಶರತ್ಕಾಲದಲ್ಲಿ ಗದ್ದಲವೂ ನಾತವೂ ಜೋರು. ದಡದಿಂದ ಮರಳಿನ ಮೇಲೆ ಹೊರಟ ಹಳೆಯ ಪೈಪಿನ ಗುಂಟ ಹೋದರೆ ಅದರಾಚೆ ಮೆಟ್ರಿಡಿಯಮ್ ಎಂಬ ಬಿಳಿಯ ಸಮುದ್ರಪುಷ್ಪಗಳ ಬಯಲು. ನೆಟ್ಟಗೆ ನಿಂತ ಬಿಳಿ ಗೊಂಚಲುಗಳು ಬಂಡೆ ತುಂಬ.

ದಕ್ಷಿಣಕ್ಕೆ ಕಾರ್ಮೆಲ್ ಬಳಿಯ ಪಾಯಿಂಟ್ ಲೋಬೋಸ್ ಇದಕ್ಕಿಂತ ಬಹಳ ಚೆಂದ. ಅದು ರಾಜ್ಯದ ಸಂರಕ್ಷಿತ ಪ್ರದೇಶ; ಡೈವಿಂಗಿಗೆ ಮುಂಗಡ ಬುಕಿಂಗ್ ಬೇಕು, ದಿನಕ್ಕೆ ಇಷ್ಟೇ ತಂಡ ಎಂಬ ಮಿತಿಯಿದೆ, ಸರ್ಟಿಫಿಕೇಟು ತೋರಿಸಬೇಕು, ಒಂಟಿಯಾಗಿ ಬಿಡುವುದಿಲ್ಲ. ಅಕ್ಟೋಬರಿನ ಶನಿವಾರಗಳು ಬೇಗ ತುಂಬುತ್ತವೆ. ಇಳಿಜಾರು ಕಟ್ಟೆ ಪಾಚಿಗಟ್ಟಿ ಜಾರುತ್ತದೆ, ಜೋಪಾನ. ಹೆದ್ದಾರಿಯ ಪಕ್ಕದಲ್ಲೇ ಕಾಣುವ ಮೊನಾಸ್ಟರಿ ಬೀಚ್ ಮಾತ್ರ ಹೊಸಬರಿಗೆ ಬೇಡವೇ ಬೇಡ. ದಡಕ್ಕೆ ತೀರ ಹತ್ತಿರದಲ್ಲೇ ಸಾಗರತಳದ ಕಣಿವೆ ಬಾಯ್ತೆರೆದಿದೆ. ಕಡಿದಾದ, ಕಾಲು ಹೂತುಹೋಗುವ ದಪ್ಪ ಮರಳಿನ ಮೇಲೆ ತೆರೆ ನೇರ ಬಂದು ಒಡೆಯುತ್ತದೆ. ಶಾಂತವಾಗಿ ಕಂಡ ದಿನವೂ ಅಲ್ಲಿ ಜನ ಸತ್ತಿದ್ದಾರೆ.

ತೆರೆಯ ಮುನ್ಸೂಚನೆ ಓದುವುದನ್ನು ಮನೆಯಲ್ಲೇ ಕಲಿಯಿರಿ. ಎತ್ತರ ಮಾತ್ರ ನೋಡಿದರೆ ಸಾಲದು, ಒಂದು ತೆರೆಗೂ ಇನ್ನೊಂದಕ್ಕೂ ನಡುವಿನ ಸೆಕೆಂಡುಗಳನ್ನೂ ನೋಡಬೇಕು. ಎಂಟು ಸೆಕೆಂಡಿನ ಐದಡಿ ತೆರೆ ಮೇಲೆ ಮೇಲೆ ಕುಣಿದು ಹೋಗುತ್ತದೆ. ಹದಿನೇಳು ಸೆಕೆಂಡಿನ ಐದಡಿ ತೆರೆ ದೂರದ ಬಿರುಗಾಳಿಯ ಶಕ್ತಿಯನ್ನು ಹೊತ್ತು ತಂದು ತಳದವರೆಗೆ ನೀರನ್ನು ಹಿಂದೆ ಮುಂದೆ ತೂಗುತ್ತದೆ. ಮಾಂಟೆರೆಯ ಹೊರಗಡಲಿನಲ್ಲಿ ತೇಲುವ 46042 ಸಂಖ್ಯೆಯ ಸರ್ಕಾರಿ ಮಾಪಕ ತೇಲುಬುರುಡೆ ಈ ಅಂಕಿಗಳನ್ನು ದಿನವಿಡೀ ಕಳಿಸುತ್ತಿರುತ್ತದೆ. ಅದನ್ನು ನೋಡಿಯೂ ದಡಕ್ಕೆ ಹೋಗಿ ಹದಿನೈದು–ಇಪ್ಪತ್ತು ನಿಮಿಷ ಸುಮ್ಮನೆ ನಿಂತು ಎಣಿಸಿ. ದೊಡ್ಡ ತೆರೆಗಳು ಗುಂಪಾಗಿ ಬಂದು ಹೋದ ಮೇಲೆ ಬಿಡುವು ಸಿಗುತ್ತದೆ, ಇಳಿಯುವುದು ಆ ಬಿಡುವಿನಲ್ಲಿ. ಮುಖವಾಡ ತೊಟ್ಟು, ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡೇ ನಡೆಯಬೇಕು, ತೆರೆ ಒಡೆಯುವ ಪಟ್ಟಿಯಲ್ಲಿ ನಿಂತು ಮಾತಾಡಬಾರದು. ಹೊರಬರುವಾಗ ಬಿದ್ದರೆ ಏಳಲು ಹೆಣಗಾಡದೆ ಅಂಬೆಗಾಲಿಟ್ಟು ಬನ್ನಿ. ನೋಡುವವರು ನಕ್ಕರೆ ನಗಲಿ.

ಇಷ್ಟೆಲ್ಲ ಪಡಿಪಾಟಲು ಯಾಕೆಂದರೆ ಕೆಲ್ಪ್ ಕಾಡಿಗಾಗಿ. ತಳದ ಬಂಡೆಗೆ ಬೇರಿನಂಥ ಹಿಡಿ ಊರಿ, ಗಾಳಿ ತುಂಬಿದ ಕಾಯಿಗಳ ಬಲದಲ್ಲಿ ನೆಟ್ಟಗೆ ಮೇಲೆ ಬರುವ ಕಂದು ಕಡಲಪಾಚಿ ಅದು. ಅನುಕೂಲವಿದ್ದಾಗ ದಿನಕ್ಕೆ ಒಂದಡಿಗಿಂತ ಹೆಚ್ಚು ಬೆಳೆಯುತ್ತದೆ. ಬೇಸಿಗೆಯಿಡೀ ಬೆಳೆದು ಶರತ್ಕಾಲದಲ್ಲಿ ಮೇಲ್ಮೈ ತುಂಬ ಹರಡಿರುತ್ತದೆ. ಎಲೆಗಳ ನಡುವಿನಿಂದ ಓರೆ ಬಿಸಿಲು ಇಳಿಯುವುದನ್ನು ನೋಡಲು ಇದೇ ಕಾಲ. ಚಳಿಗಾಲದ ಮೊದಲ ಬಿರುಗಾಳಿಗಳು ಅದನ್ನು ಕಿತ್ತು ದಡಕ್ಕೆ ಎಸೆಯುತ್ತವೆ. ಕೆಲವೆಡೆ ಕಾಡು ಈಗ ತೆಳುವಾಗಿದೆ. 2013ರಲ್ಲಿ ಶುರುವಾದ ರೋಗ ಈ ಕರಾವಳಿಯ ನಕ್ಷತ್ರಮೀನುಗಳನ್ನು ಕೊಂದಿತು, 2014–16ರಲ್ಲಿ ಕಡಲನೀರು ಅಸಹಜವಾಗಿ ಬಿಸಿಯಾಗಿ ಕೆಲ್ಪನ್ನು ಬಾಡಿಸಿತು. ತಿನ್ನುವವರಿಲ್ಲದೆ ಹೆಚ್ಚಿದ ನೇರಳೆ ಮುಳ್ಳುಚೆಂಡುಗಳು (ಸೀ ಅರ್ಚಿನ್) ಉಳಿದದ್ದನ್ನು ಮೇದವು. ನೀರುನಾಯಿಗಳು ಮುಳ್ಳುಚೆಂಡು ತಿಂದು ಕಾದ ತುಂಡುಗಳಲ್ಲಿ ಕಾಡು ಇನ್ನೂ ಗಟ್ಟಿಯಾಗಿದೆ. ಕುತೂಹಲಕ್ಕೆ ಸೀಲ್‌ಗಳು ನಿಮ್ಮ ಫಿನ್ ಹಿಡಿದು ಎಳೆಯಬಹುದು. ನೀವು ಅವನ್ನು ಮುಟ್ಟುವಂತಿಲ್ಲ. 1972ರ ಕಾನೂನು ಸಮುದ್ರ ಸಸ್ತನಿಗಳಿಗೆ ಕಿರುಕುಳ ಕೊಡುವುದನ್ನು ನಿಷೇಧಿಸಿದೆ.

ಕೆಲ್ಪಿನಲ್ಲಿ ಸಿಕ್ಕಿಕೊಂಡರೆ ಗಿರಕಿ ಹೊಡೆಯಬೇಡಿ, ಸುತ್ತಿಕೊಳ್ಳುತ್ತದೆ. ನಿಂತು, ಸ್ವಲ್ಪ ಹಿಂದೆ ಸರಿದು ಬಿಡಿಸಿಕೊಳ್ಳಿ. ಕಾಂಡವನ್ನು ಚೂಪಾಗಿ ಮಡಿಸಿದರೆ ಹಸಿ ಹುರುಳಿಕಾಯಿಯ ಹಾಗೆ ಪಟಕ್ಕನೆ ಮುರಿಯುತ್ತದೆ. ಮೇಲಿನ ಹಾಸಿನ ಮೇಲೆ ಈಜಿ ಬರುವುದು ದಣಿವಿನ ಕೆಲಸ, ಹಾಗಾಗಿ ಅದರಡಿಯಲ್ಲೇ ವಾಪಸಾಗುವಷ್ಟು ಗಾಳಿ ಉಳಿಸಿಕೊಳ್ಳಿ. ಚಳಿಯಲ್ಲಿ ಉಸಿರಾಟ ಹೆಚ್ಚು, ನೇತ್ರಾಣಿಯ ಲೆಕ್ಕದಲ್ಲಿ ಗಾಳಿ ಬಾಳುವುದಿಲ್ಲ. ಮೂರರಲ್ಲಿ ಒಂದು ಪಾಲು ಮುಗಿದಾಗಲೇ ಹಿಂತಿರುಗುವುದು ಒಳ್ಳೆಯ ಪದ್ಧತಿ. ಅದಕ್ಕೂ ಮೊದಲೇ ನಡುಕ ಶುರುವಾದರೆ, ಬೆರಳಿಗೆ ಬಕಲ್ ಹಿಡಿತ ಸಿಗದಿದ್ದರೆ, ಎರಡೂ ಕೈ ಕಟ್ಟಿ ತೋಳು ಉಜ್ಜಿ ಜೊತೆಗಾರರಿಗೆ ಸನ್ನೆ ಮಾಡಿ. ಗಾಳಿ ಎಷ್ಟೇ ಉಳಿದಿರಲಿ, ಡೈವ್ ಅಲ್ಲಿಗೆ ಮುಗಿಯಿತು.

ಎರಡು ಡೈವ್‌ಗಳ ನಡುವಿನ ಒಂದು ಗಂಟೆಯಲ್ಲೇ ಹೆಚ್ಚಿನವರು ಬಿಸಿ ಕಳೆದುಕೊಳ್ಳುತ್ತಾರೆ. ಒದ್ದೆ ಸೂಟಿನ ಮೇಲೆ ಗಾಳಿ ಬೀಸಿದರೆ ಮುಗಿಯಿತು. ಗಾಳಿ ತಡೆಯುವ ಉದ್ದ ಕೋಟು, ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಸಾರು. ಇನ್ನೊಂದು ಫ್ಲಾಸ್ಕಿನ ಬೆಚ್ಚನೆಯ ನೀರನ್ನು ಎರಡನೇ ಡೈವಿಗೆ ಮೊದಲು ಕೈಗವಸು, ಹುಡ್‌ಗೆ ಹೊಯ್ದುಕೊಳ್ಳಿ, ಸ್ವರ್ಗ. ಚಳಿ ಮತ್ತು ಮುಳುಗು ಎರಡೂ ಮೂತ್ರ ಹೆಚ್ಚಿಸುತ್ತವೆಂದು ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಬಾಡಿಗೆ ಸೂಟಿನೊಳಗೆ ಏನು ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ತಣ್ಣೀರು ಚರ್ಮದ ರಕ್ತನಾಳಗಳನ್ನು ಬಿಗಿಸಿ ರಕ್ತದೊತ್ತಡ ಏರಿಸುತ್ತದೆ. ಬಿಪಿ ಮಾತ್ರೆ ನುಂಗುವವರು, ನಲವತ್ತು ದಾಟಿ ಕುರ್ಚಿಯಲ್ಲೇ ವರ್ಷ ಕಳೆದವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ನೇತ್ರಾಣಿಯಲ್ಲಿ ಬೋಧಕರ ಕೈ ಹಿಡಿದು ಒಂದು ಸಲ ಮುಳುಗಿದ್ದು ಸರ್ಟಿಫಿಕೇಟಲ್ಲ. ಸರ್ಟಿಫಿಕೇಟಿದ್ದರೂ ಮೊದಲ ದಿನ ಸ್ಥಳೀಯ ಗೈಡ್ ಜೊತೆಗಿರಲಿ. ಭಾರತದಿಂದ ಮಾಡಿಸಿಕೊಂಡು ಬಂದ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ನೋಡಿ. ಇಲ್ಲದಿದ್ದರೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಕಡೆ ಡೈವಿಂಗಿಗೆಂದೇ ವಿಮೆ ಸಿಗುತ್ತದೆ.

ಊರಿನಿಂದ ಬಂದ ಅಣ್ಣ, ಅತ್ತಿಗೆ, ಭಾವಂದಿರ ಜೊತೆ ಒಂದೇ ವಾರದಲ್ಲಿ ಎಲ್ಲವನ್ನೂ ನೋಡುವ ಯೋಜನೆ ಹಾಕುವವರಿಗೆ ಕೊನೆಯದಾಗಿ ಒಂದು ಮಾತು. ಡೈವ್ ಆದ ಮೇಲೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಒಂದೇ ಡೈವ್ ಆದರೆ ವಿಮಾನಕ್ಕೆ ಮುನ್ನ ಕನಿಷ್ಠ 12 ಗಂಟೆ, ಹಲವು ಆದರೆ ಕನಿಷ್ಠ 18 ಗಂಟೆ ಬಿಡುವು ಎಂಬುದು ಒಪ್ಪಿತ ಸಲಹೆ. ಬೆಟ್ಟ ಹತ್ತುವುದೂ ವಿಮಾನ ಏರಿದಂತೆಯೇ: ಯೋಸೆಮಿಟಿಯ ಟಿಯೋಗಾ ಪಾಸ್ 3,000 ಮೀಟರ್ ದಾಟಿದೆ, ಲೇಕ್ ತಾಹೋ 1,900 ಮೀಟರ್ ಆಸುಪಾಸು. ಶನಿವಾರ ಮಾಂಟೆರೆ, ಭಾನುವಾರ ಬೆಳಗ್ಗೆ ಯೋಸೆಮಿಟಿ ಎಂದು ಬರೆದಿಟ್ಟುಕೊಂಡಿದ್ದರೆ ಅದಲುಬದಲು ಮಾಡಿ: ಮೊದಲು ಬೆಟ್ಟ, ಆಮೇಲೆ ಕಡಲು, ಕಡಲಿಗೂ ಬೆಂಗಳೂರಿನ ವಿಮಾನಕ್ಕೂ ನಡುವೆ ಪೂರ್ತಿ ಒಂದು ದಿನ ಖಾಲಿ. ಆ ಖಾಲಿ ದಿನಕ್ಕೆ ಕ್ಯಾನರಿ ರೋ ಬೀದಿಯ ಇನ್ನೊಂದು ತುದಿಯಲ್ಲಿ ಮಾಂಟೆರೆ ಬೇ ಅಕ್ವೇರಿಯಂ ಇದೆ, ಡೈವ್ ಮಾಡದ ಅತ್ತಿಗೆಗೂ ಅಲ್ಲಿ ಕೆಲ್ಪ್ ಕಾಡು ಕಾಣಸಿಗುತ್ತದೆ.