ಹಳತೆಂಬ ಕಾರಣಕ್ಕೆ ಕಸವಾಗಬೇಕೆ?

ಸರ್ಕಾರಿ ಸೇವೆಯಲ್ಲಿದ್ದಾಗ ಹಳೆಯ ಕಂಪ್ಯೂಟರುಗಳನ್ನು ‘ನಿರುಪಯುಕ್ತ’ವೆಂದು ಘೋಷಿಸುವ ಕಡತಗಳಿಗೆ ನಾನು ಹಲವು ಬಾರಿ ಸಹಿ ಹಾಕಿದ್ದೇನೆ. ಪಟ್ಟಿಯಲ್ಲಿ ಖರೀದಿಯ ವರ್ಷ ನಮೂದಾಗಿರುತ್ತಿತ್ತು. ಆ ಯಂತ್ರ ಇನ್ನೂ ಯಾವ ಕೆಲಸಕ್ಕೆ ಬಂದೀತು ಎಂಬುದಕ್ಕೆ ಅಂಕಣವೇ ಇರಲಿಲ್ಲ. ನಿವೃತ್ತಿಯ ನಂತರ ಅದೇ ಪ್ರಶ್ನೆ ನನ್ನ ಮನೆಯಲ್ಲಿ ಎದುರಾಯಿತು.

2013ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ವಿಂಡೋಸ್ 10ರಲ್ಲಿ ನಡೆಯುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆ ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯವಾಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ಅದರಲ್ಲಿಲ್ಲ. ‘ಹೊಸದು ತಗೊಳ್ಳಿ ಅಪ್ಪ’ ಎಂದ ಮಗ. ಪಿಂಚಣಿದಾರನಿಗೆ ಅದು ಸಣ್ಣ ಖರ್ಚಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದೆ. 4 ಜಿಬಿ ಇದ್ದ ರ‍್ಯಾಮ್ 8 ಜಿಬಿ ಆಯಿತು. ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್ ಅಳವಡಿಸಿದೆ. ಭದ್ರತೆಯ ಪರಿಷ್ಕರಣೆಗಳೇ ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯ. ಆ ಆತಂಕ ಇದರಿಂದ ತಗ್ಗಿತು. ಯೂನಿಕೋಡ್ ಕನ್ನಡದ ಬರವಣಿಗೆ, ಮಿಂಚಂಚೆ, ಮೊಮ್ಮಗಳೊಡನೆ ವಿಡಿಯೊ ಕರೆ ಎಲ್ಲವೂ ಸಲೀಸಾಗಿ ನಡೆದಿವೆ.

ಹೊಸ ಉಪಕರಣಗಳ ಜೊತೆಗಿನ ಹೊಂದಾಣಿಕೆಯೂ ನಾನು ಅಂಜಿದಷ್ಟು ಕಷ್ಟವಾಗಲಿಲ್ಲ. ಯುಎಸ್‌ಬಿ ವ್ಯವಸ್ಥೆ ಹಿಂದಿನ ಪೀಳಿಗೆಗಳನ್ನು ಕೈಬಿಡದಂತೆ ರೂಪುಗೊಂಡಿದೆ. ಯುಎಸ್‌ಬಿ 3.0 ಪೆನ್‌ಡ್ರೈವ್ ಹಳೆಯ 2.0 ಕಿಂಡಿಯಲ್ಲೂ ಕೆಲಸ ಮಾಡುತ್ತದೆ. ಸೆಕೆಂಡಿಗೆ 5 ಗಿಗಾಬಿಟ್ ಬದಲು ಗರಿಷ್ಠ 480 ಮೆಗಾಬಿಟ್ ವೇಗ, ಅಷ್ಟೆ. ಸಿ ಮಾದರಿಯ ಪೆನ್‌ಡ್ರೈವಿಗೆ ಒಂದು ಪುಟ್ಟ ಅಡಾಪ್ಟರ್ ಸಾಕು. ಆದರೆ ಸಿ ಕೇಬಲ್ಲಿನಿಂದಲೇ ಚಿತ್ರ ಪಡೆಯುವ ಮಾನಿಟರ್ ಈ ಅಡಾಪ್ಟರಿನಿಂದ ಬೆಳಗದು. ಅದಕ್ಕೆ ಎಚ್‌ಡಿಎಂಐನಂಥ ಚಿತ್ರ ಸಾಗಿಸುವ ಕಿಂಡಿ ಬೇಕು. ಪ್ರಿಂಟರ್ ಕೊಳ್ಳುವ ಮುನ್ನ ಅದು ಲಿನಕ್ಸಿಗೆ ಒಗ್ಗುವುದೇ ಎಂದು ವಿಚಾರಿಸಬೇಕು. ಭಾರಿ ವಿಡಿಯೊ ಸಂಕಲನ ಮಾಡುವವರಿಗೆ ಇಂಥ ಯಂತ್ರವನ್ನು ನಾನು ಶಿಫಾರಸು ಮಾಡಲಾರೆ.

ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40ರಷ್ಟು ಸವಕಳಿ ಉಂಟು. ಪುಸ್ತಕದಲ್ಲಿ ಬೆಲೆ ಕರಗಿದ ಮಾತ್ರಕ್ಕೆ ಮೇಜಿನ ಮೇಲಿನ ಉಪಯೋಗ ಕರಗುವುದಿಲ್ಲ. ಅರ್ಥಶಾಸ್ತ್ರ ಓದಿದ ನಾನು ಸಹಿ ಹಾಕುವಾಗ ಇದನ್ನು ಮರೆತಿದ್ದೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳು ಮರುಬಳಕೆಗಾರರನ್ನಷ್ಟೇ ಅಲ್ಲ, ದುರಸ್ತಿಮಾಡಿ ಮತ್ತೆ ಬಳಕೆಗೆ ತರುವವರನ್ನೂ ಗುರುತಿಸುತ್ತವೆ. ಕಚೇರಿಗಳು ಯಂತ್ರಗಳನ್ನು ಗುಜರಿಗೆ ಕಳುಹಿಸುವ ಮೊದಲು, ದತ್ತಾಂಶ ಅಳಿಸಿ, ದುರಸ್ತಿಯಾಗಬಲ್ಲವನ್ನು ಶಾಲೆ, ಗ್ರಂಥಾಲಯಗಳಿಗೆ ಕೊಡಬಾರದೇಕೆ? ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. ವಿಲೇವಾರಿ ಪಟ್ಟಿಯಲ್ಲಿ ಒಂದು ಅಂಕಣ ಹೆಚ್ಚಾದರೆ ಸಾಕು.